ಪದವಿ ಬಂತು, ಕೆಲಸವೆಲ್ಲಿ?

ಬೆಂಗಳೂರಿನ ನಾಗವಾರದ ವೃತ್ತವನ್ನು ದಾಟಿ ಉತ್ತರಾಭಿಮುಖವಾಗಿ ಹೊರಟವರಿಗೆ ಮೊದಲು ಎದುರಾಗುವ ದೊಡ್ಡ ಊರು ತಣಿಸಂದ್ರ. ಊರು ಎಂಬುದು ಈಗ ಹೆಸರಿಗೆ ಮಾತ್ರ. ಒಂದು ತಲೆಮಾರಿನ ಹಿಂದೆ ರಾಗಿಯ ಹೊಲ, ಸೊಪ್ಪು ತರಕಾರಿಗಳ ತೋಟ ಇದ್ದ ಕಡೆ ಇಂದು ಮುಗಿಲು ಮುಟ್ಟುವ ವಸತಿ ಸೌಧಗಳೆದ್ದಿವೆ. ‘ಸಂದ್ರ’ವೆಂದರೆ ಸಮುದ್ರ, ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆದು ಸಂತೋಷಪಟ್ಟರು. ಪಕ್ಕದ ರಾಚೇನಹಳ್ಳಿಯ ಕೆರೆ ಇನ್ನೂ ಉಳಿದುಕೊಂಡು ಆ ಕಾಲವನ್ನು ನೆನಪಿಗೆ ತರುತ್ತಿದೆ. ಕೆರೆಯ ನೀರನ್ನು ನಂಬಿದ್ದ ಜನಕ್ಕೆ ವರ್ಷಗಳಲ್ಲಿ ಎರಡೇ ಬಗೆ: ಕೆರೆ ಕೋಡಿ ಬಿದ್ದ ವರ್ಷ, ಕೆರೆ ಬತ್ತಿದ ವರ್ಷ. ಕೆರೆ ಬತ್ತಿ ಪೈರು ಒಣಗಿದರೆ ರೈತನನ್ನು ನೋಡಿ ಅಯ್ಯೋ ಎಂದವರುಂಟೇ ಹೊರತು, ಅವನನ್ನು ಸೋಮಾರಿಯೆಂದು ಜರೆದವರಿಲ್ಲ. ಮಳೆ ಅವನ ಕೈಯಲ್ಲಿಲ್ಲವೆಂಬುದು ಊರಿಗೆಲ್ಲ ತಿಳಿದಿದ್ದ ಮಾತು.

ಇಂದು ಈ ಊರು ನಂಬಿರುವುದು ಬೇರೊಂದು ಕೆರೆಯನ್ನು. ಊರಿನ ಬೆನ್ನಿಗೇ, ನಾಗವಾರದ ಕೆರೆಗೆ ಅನತಿದೂರದಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ ತಲೆಯೆತ್ತಿದ ಮಾನ್ಯತಾ ತಂತ್ರಜ್ಞಾನ ಉದ್ಯಾನ ನೂರಕ್ಕೂ ಹೆಚ್ಚು ಎಕರೆಗಳಲ್ಲಿ ಹರಡಿದೆ. ದೇಶವಿದೇಶಗಳ ಹೆಸರಾಂತ ಸಂಸ್ಥೆಗಳ ಕಚೇರಿಗಳು ಅಲ್ಲಿವೆ. ಅಲ್ಲಿ ದುಡಿಯುವ ಸಹಸ್ರಾರು ತರುಣ ತರುಣಿಯರ ಸಂಬಳದಿಂದಲೇ ಸುತ್ತಲಿನ ಪಿ.ಜಿ. ವಸತಿಗಳೂ, ದರ್ಶಿನಿಗಳೂ, ಆಟೋಗಳೂ, ಬಾಡಿಗೆ ಮನೆಗಳೂ ನಡೆಯುತ್ತಿವೆ. ಈ ಹೊಸ ಕೆರೆಗೆ ನೀರು ಬರುವುದು ಮುಂಗಾರಿನಿಂದಲ್ಲ, ಸಮುದ್ರದಾಚೆಯ ದೇಶಗಳಿಂದ. ಅಲ್ಲಿ ಬರ ಬಿದ್ದರೆ ಇಲ್ಲಿಯೂ ಬರ. ವ್ಯತ್ಯಾಸವೊಂದೇ: ಈ ಬರದಲ್ಲಿ ಒಣಗಿದವನನ್ನು ಯಾರೂ ಅಯ್ಯೋ ಎನ್ನುವುದಿಲ್ಲ, ನಿನ್ನಲ್ಲೇ ಏನೋ ಕೊರತೆಯಿರಬೇಕು ಎನ್ನುತ್ತಾರೆ.

ಅಣ್ಣನೂ ತಮ್ಮನೂ

ಈ ರಸ್ತೆಯ ಯಾವುದೋ ಅಡ್ಡರಸ್ತೆಯಲ್ಲಿ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಹೆಸರು ಬೇಡ, ಇಂಥ ಮನೆ ನಗರದಲ್ಲಿ ಒಂದಲ್ಲ, ನೂರಾರು. ತಂದೆ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಇಬ್ಬರು ಗಂಡುಮಕ್ಕಳು, ಇಬ್ಬರೂ ಒಂದೇ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು. ಹಿರಿಯವನು 2021ರಲ್ಲಿ ತೇರ್ಗಡೆಯಾದ. ಕೊನೆಯ ಪರೀಕ್ಷೆ ಮುಗಿಯುವ ಮೊದಲೇ ಅವನ ಕೈಯಲ್ಲಿ ಎರಡು ನೇಮಕಪತ್ರಗಳಿದ್ದವು. ಯಾವುದನ್ನು ಬಿಡಬೇಕೆಂಬುದೇ ಮನೆಯವರ ಚಿಂತೆಯಾಗಿತ್ತು. ಕಿರಿಯವನು 2023ರಲ್ಲಿ ತೇರ್ಗಡೆಯಾದ. ಅಂಕಗಳು ಅಣ್ಣನಿಗಿಂತ ತುಸು ಹೆಚ್ಚೇ. ಕಾಲೇಜಿಗೆ ಬಂದ ಸಂಸ್ಥೆಗಳು ಬೆರಳೆಣಿಕೆಯಷ್ಟು. ಬಂದವರೂ ಒಬ್ಬಿಬ್ಬರನ್ನು ಆರಿಸಿಕೊಂಡು ಹೊರಟುಹೋದರು.

ಮೊದಲ ಮೂರು ತಿಂಗಳು ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಪ್ರತಿ ಸಂಜೆ ಅದೇ ಮಾತು.

“ಏನೋ, ಇವತ್ತಾದರೂ ಏನಾದರೂ ಬಂತೇನೋ?”

“ಇಲ್ಲಪ್ಪ.”

“ನಿಮ್ಮಣ್ಣನಿಗೆ ಓದುತ್ತಿರುವಾಗಲೇ ಸಿಕ್ಕಿತಲ್ಲ. ನೀನು ಸರಿಯಾಗಿ ಅರ್ಜಿ ಹಾಕುತ್ತಿದ್ದೀಯೋ ಇಲ್ಲವೋ?”

ತಂದೆಯ ಮಾತಿನಲ್ಲಿ ದ್ವೇಷವಿಲ್ಲ, ದಿಗಿಲಿದೆ. ಆದರೆ ಹುಡುಗನಿಗೆ ತಟ್ಟುವುದು ಹೋಲಿಕೆ. ತಾನು ಅಣ್ಣನಿಗಿಂತ ಎರಡು ವರ್ಷ ತಡವಾಗಿ ಹುಟ್ಟಿದ್ದೇ ತಪ್ಪಾಯಿತೆಂದು ಅವನು ಹೇಳಿದರೆ ಕೇಳಿದವರು ನಗುತ್ತಾರೆ. ನಿಜವೇನೆಂದರೆ ಅವನ ಮಾತು ಹೆಚ್ಚುಕಡಿಮೆ ಸರಿಯಾಗಿಯೇ ಇದೆ.

ಆ ಎರಡು ವರ್ಷಗಳಲ್ಲಿ ನಡೆದದ್ದು

2020ರ ಮಾರ್ಚಿಯಲ್ಲಿ ಕೋವಿಡ್ ಪಿಡುಗಿನ ಕಾರಣ ಜಗತ್ತು ಮನೆಯೊಳಗೆ ಸೇರಿತು. ಅಂಗಡಿ, ಬ್ಯಾಂಕು, ಶಾಲೆ, ಆಸ್ಪತ್ರೆಗಳ ವ್ಯವಹಾರವೆಲ್ಲ ಒಮ್ಮೆಲೇ ಗಣಕಯಂತ್ರದ ಪರದೆಗೆ ಬಂತು. ಜೊತೆಗೆ ಅಮೆರಿಕಾದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿಯ ದರವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿತು. ಸಾಲ ಅಗ್ಗವಾದಾಗ ಕಂಪನಿಗಳು ಹೊಸ ಯೋಜನೆಗಳಿಗೆ ಧಾರಾಳವಾಗಿ ಹಣ ಸುರಿಯುತ್ತವೆ. ಆ ಯೋಜನೆಗಳ ದೊಡ್ಡ ಪಾಲು ಬೆಂಗಳೂರಿಗೆ ಬಂತು. 2021-22ರ ಆರ್ಥಿಕ ವರ್ಷದಲ್ಲಿ ಟಿ.ಸಿ.ಎಸ್. ಸಂಸ್ಥೆಯೊಂದೇ ದೇಶಾದ್ಯಂತ ಸುಮಾರು 1 ಲಕ್ಷ ಹೊಸ ಪದವೀಧರರನ್ನು ಸೇರಿಸಿಕೊಂಡಿತು. ಇನ್ಫೋಸಿಸ್ ಸೇರಿಸಿಕೊಂಡದ್ದು ಸುಮಾರು 85,000. ಹಿರಿಯ ಮಗನಿಗೆ ಎರಡು ಪತ್ರ ಬಂದದ್ದು ಈ ಭರಾಟೆಯಲ್ಲಿ.

ಬೆಲೆಗಳು ಏರಿದವು. ಏರಿಕೆಯನ್ನು ಹತ್ತಿಕ್ಕಲು ಫೆಡರಲ್ ರಿಸರ್ವ್ 2022ರ ಮಾರ್ಚಿಯಿಂದ ಬಡ್ಡಿಯನ್ನು ಮೇಲೇರಿಸತೊಡಗಿ, 2023ರ ಜುಲೈ ಹೊತ್ತಿಗೆ ಹನ್ನೊಂದು ಬಾರಿ ಏರಿಸಿ ಶೇಕಡಾ 5.25ರಿಂದ 5.50ರ ಮಟ್ಟಕ್ಕೆ ತಂದಿತು. ಸಾಲ ತುಟ್ಟಿಯಾದೊಡನೆ ಅಲ್ಲಿಯ ಕಂಪನಿಗಳು ಮೊದಲು ಕೈಯಿಟ್ಟದ್ದು ‘ಆಮೇಲೆ ಮಾಡಿದರಾದೀತು’ ಎನ್ನಬಹುದಾದ ಕೆಲಸಗಳ ಮೇಲೆ. ಬೆಂಗಳೂರಿಗೆ ಬರುತ್ತಿದ್ದುದು ಬಹಳಮಟ್ಟಿಗೆ ಅಂಥ ಕೆಲಸವೇ. 2023-24ರಲ್ಲಿ ಇನ್ಫೋಸಿಸ್ ತೆಗೆದುಕೊಂಡ ಹೊಸ ಪದವೀಧರರು 12,000ಕ್ಕೂ ಕಡಿಮೆ. ಅದೇ ವರ್ಷ ಅದರ ಒಟ್ಟು ಸಿಬ್ಬಂದಿಯಲ್ಲಿ 25,994 ಮಂದಿ ಕಡಿಮೆಯಾದರು; ಟಿ.ಸಿ.ಎಸ್.ನಲ್ಲಿ 13,249 ಮಂದಿ. 85,000 ಎಲ್ಲಿ, 12,000 ಎಲ್ಲಿ! ಎರಡು ವರ್ಷಗಳೊಳಗೆ ನಾಡಿನ ಹುಡುಗರ ಬುದ್ಧಿ ಏಳು ಪಾಲಿನಲ್ಲಿ ಆರು ಪಾಲು ಕುಂದಿತೆಂದು ನಂಬುವವರು ಯಾರಾದರೂ ಇದ್ದಾರೆಯೇ?

ವಾಷಿಂಗ್ಟನ್ನಿನ ಸಭಾಭವನದಲ್ಲಿ ಕೈಗೊಂಡ ನಿರ್ಣಯ ತಣಿಸಂದ್ರದ ಊಟದ ಮನೆಗೆ ಬಂದು ತಲಪಲು ಒಂದು ವರ್ಷವೂ ಬೇಕಾಗಲಿಲ್ಲ.

ಹಳೆಯ ರೋಗ

ಈ ಏರಿಳಿತಕ್ಕೆ ಅರ್ಥಶಾಸ್ತ್ರಜ್ಞರು ವ್ಯಾಪಾರ ಚಕ್ರವೆಂದು ಹೆಸರಿಟ್ಟಿದ್ದಾರೆ. ಭರಾಟೆಯ ಕಾಲದಲ್ಲಿ ಎಲ್ಲರಿಗೂ ನಾಳೆ ಇವತ್ತಿಗಿಂತ ಚೆನ್ನಾಗಿರುವುದೆಂಬ ಭರವಸೆ. ಬಂಡವಾಳ ಹೂಡುತ್ತಾರೆ, ಸಾಲ ಮಾಡುತ್ತಾರೆ, ಆಳುಗಳನ್ನು ಸೇರಿಸುತ್ತಾರೆ. ಎಲ್ಲೋ ಒಂದು ಕಡೆ ಲೆಕ್ಕ ತಪ್ಪುತ್ತದೆ. ಒಬ್ಬನು ಖರ್ಚು ನಿಲ್ಲಿಸಿದರೆ ಇನ್ನೊಬ್ಬನ ಆದಾಯ ನಿಲ್ಲುತ್ತದೆ, ಅವನೂ ಕೈ ಬಿಗಿಹಿಡಿಯುತ್ತಾನೆ. ಹೀಗೆ ಇಳಿಯುತ್ತಾ ಹೋಗಿ ಒಂದು ದಿನ ಮತ್ತೆ ಏರತೊಡಗುತ್ತದೆ. ಫ್ರಾನ್ಸಿನ ಕ್ಲೆಮೆಂಟ್ ಜುಗ್ಲರ್ ಎಂಬ ವೈದ್ಯ 1862ರಲ್ಲೇ ಇದನ್ನು ಗುರುತಿಸಿ, ಸುಮಾರು ಏಳರಿಂದ ಹನ್ನೊಂದು ವರ್ಷಗಳಿಗೊಂದು ಸುತ್ತು ಎಂದು ಲೆಕ್ಕ ಹಾಕಿದ. ವೈದ್ಯನಾದ್ದರಿಂದಲೋ ಏನೋ, ಜ್ವರ ಬಂದು ಬಿಡುವಂತೆ ಅವನಿಗೆ ಇದು ಕಂಡಿರಬೇಕು.

ಇಂಗ್ಲೆಂಡಿನ ಜೆವನ್ಸ್ ಇನ್ನೂ ಮುಂದೆ ಹೋದ. ಸೂರ್ಯಬಿಂಬದ ಮೇಲೆ ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚು ಕಡಿಮೆಯಾಗುವ ಕಲೆಗಳೇ ಇದಕ್ಕೆ ಮೂಲವೆಂದು 1870ರ ದಶಕದಲ್ಲಿ ಅವನು ವಾದಿಸಿದ. ಕಲೆಗಳಿಂದ ಬಿಸಿಲು ಬದಲಾಗಿ ಇಂಡಿಯಾದಲ್ಲಿ ಬೆಳೆ ಕೆಡುತ್ತದೆ. ಬೆಳೆ ಕೆಟ್ಟರೆ ಇಲ್ಲಿಯ ರೈತ ಇಂಗ್ಲೆಂಡಿನ ಬಟ್ಟೆ ಕೊಳ್ಳಲಾರ. ಆಗ ಅಲ್ಲಿಯ ಗಿರಣಿಗಳು ನಿಲ್ಲುತ್ತವೆ ಎಂಬುದು ಅವನ ಸರಣಿ. ಪಂಡಿತರು ಆಮೇಲೆ ಆ ವಾದವನ್ನು ಕೈಬಿಟ್ಟರು. ಆದರೂ ಅದರಲ್ಲಿ ಒಂದು ಸ್ವಾರಸ್ಯವಿದೆ. ಅಂದು ಇಲ್ಲಿಯ ಹೊಲದ ಬರ ಅಲ್ಲಿಯ ಕೂಲಿಗಾರನನ್ನು ಮನೆಗೆ ಕಳಿಸುವುದೆಂದು ಲೆಕ್ಕ. ಇಂದು ಅಲ್ಲಿಯ ಬಡ್ಡಿ ಇಲ್ಲಿಯ ಪದವೀಧರನನ್ನು ಮನೆಯಲ್ಲಿ ಕೂರಿಸುತ್ತಿದೆ. ಅವನು ಹಾಗೆ ಬರೆಯುತ್ತಿದ್ದ ದಿನಗಳಲ್ಲೇ, 1876ರಿಂದ 78ರ ವರೆಗಿನ ಕ್ಷಾಮದಲ್ಲಿ, ಮೈಸೂರು ಸೀಮೆಯಲ್ಲಿ ಸುಮಾರು ಹತ್ತು ಲಕ್ಷ ಜನ ಅಸುನೀಗಿದರೆಂಬುದನ್ನೂ ಇಲ್ಲಿ ನೆನೆಯಬೇಕು.

ಮೈಸೂರು ಸಂಸ್ಥಾನ ಈ ಚಕ್ರದ ಪೆಟ್ಟನ್ನು ಚೆನ್ನಾಗಿ ಉಂಡಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಕಟ್ಟಲು ನಿರ್ಧರಿಸಿದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. ಆಗ ಕಬ್ಬಿಣಕ್ಕೆ ಕೇಳಿದ ಬೆಲೆ. 1923ರ ಜನವರಿಯಲ್ಲಿ ಕುಲುಮೆಗೆ ಬೆಂಕಿಯಿಡುವ ಹೊತ್ತಿಗೆ ಯುದ್ಧ ಮುಗಿದು, ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ದಿವಾನಗಿರಿಯನ್ನು 1918ರಲ್ಲೇ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ಸಂಸ್ಥಾನ ಮತ್ತೆ ಕರೆದು ಕಾರ್ಖಾನೆಯನ್ನು ಅವರ ಕೈಗಿತ್ತಿತು. ಅವರು 1929ರ ವರೆಗೆ ಅದನ್ನು ನಡೆಸಿ ನಿಲ್ಲಿಸಿದರು. ಅಂದಿನ ಟೀಕಾಕಾರರು ಹೇಳಿದಂತೆ ಕುಲುಮೆಯನ್ನು ಆರಿಸಿಬಿಟ್ಟಿದ್ದರೆ ಆ ಊರಿನ ಮುಂದಿನ ಎರಡು ತಲೆಮಾರಿನ ಅನ್ನ ಅಲ್ಲಿಗೇ ಮುಗಿಯುತ್ತಿತ್ತು. ಇಳಿಗಾಲದಲ್ಲಿ ಕೈಬಿಡದೆ ಹಿಡಿದುಕೊಂಡ ಫಲ ಅದು.

ಉದ್ಯೋಗ ವಿನಿಮಯ ಕೇಂದ್ರಗಳು ಹುಟ್ಟಿದ್ದೂ ಇಂಥ ಇಳಿಗಾಲದ ಭಯದಿಂದಲೇ. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ, ಸೇನೆಯಿಂದ ಬಿಡುಗಡೆಯಾಗುವ ಸಿಪಾಯಿಗಳಿಗೆ ಕೆಲಸ ಹುಡುಕಿಕೊಡಲೆಂದು 1945ರಲ್ಲಿ ಅವುಗಳನ್ನು ತೆರೆಯಲಾಯಿತು. ಮುಂದೆ ಬೆಂಗಳೂರಿನ ಸಾವಿರಾರು ಮನೆಗಳಲ್ಲಿ ಆ ಕೇಂದ್ರದ ಚೀಟಿ ದೇವರ ಪಟದ ಹಿಂದೆ ಭದ್ರವಾಗಿ ಕುಳಿತಿತ್ತು.

ಮೊದಲು ಮುಚ್ಚುವ ಬಾಗಿಲು

ಇಳಿಗಾಲ ಬಂದರೆ ಎಲ್ಲರಿಗೂ ಕಷ್ಟವೇ. ಆದರೆ ತರುಣರಿಗೆ ಅದು ಮೊದಲು ತಟ್ಟುವುದೇಕೆ? ಕಾರಣ ಸರಳ. ಇರುವವನನ್ನು ತೆಗೆಯಬೇಕಾದರೆ ಪರಿಹಾರ ಕೊಡಬೇಕು, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಉಳಿದವರ ಮನಸ್ಸು ಕೆಡುತ್ತದೆ, ಕಲಿತ ಕೆಲಸವೂ ಅವನೊಡನೆ ಹೋಗುತ್ತದೆ. ಹೊಸಬನನ್ನು ಸೇರಿಸಿಕೊಳ್ಳದಿರುವುದಕ್ಕೆ ಇದಾವುದೂ ಬೇಡ. ಬಾಗಿಲು ತೆರೆಯದಿದ್ದರೆ ಸಾಕು. ಹೊರಗೆ ನಿಂತವನ ಸದ್ದು ಒಳಗೆ ಕೇಳಿಸುವುದಿಲ್ಲ. ನೇಮಕಪತ್ರವನ್ನು ಕೊಟ್ಟು, ಸೇರುವ ದಿನವನ್ನು ತಿಂಗಳುಗಟ್ಟಲೆ ಮುಂದೂಡಿದ ಪ್ರಸಂಗಗಳೂ 2022ರ ನಂತರ ಹಲವಾಗಿ ವರದಿಯಾದವು. ಕೆಲಸ ಸಿಕ್ಕಿದೆಯೆಂದು ಮದುವೆ ಮನೆಯಲ್ಲಿ ಹೇಳಿಕೊಂಡ ತಾಯಂದಿರ ಪಾಡೇನು?

ಕೇಂದ್ರ ಸರ್ಕಾರದ ಶ್ರಮಬಲ ಸಮೀಕ್ಷೆಯ ಪ್ರಕಾರ 2023ರ ಜುಲೈಯಿಂದ 2024ರ ಜೂನ್ ವರೆಗೆ ದೇಶದಲ್ಲಿ ಹದಿನೈದು ವರ್ಷ ಮೀರಿದವರಲ್ಲಿ ನಿರುದ್ಯೋಗ ಶೇಕಡಾ 3.2; ಹದಿನೈದರಿಂದ ಇಪ್ಪತ್ತೊಂಬತ್ತರ ವಯಸ್ಸಿನವರಲ್ಲಿ ಶೇಕಡಾ 10.2. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರ ಮಾರ್ಚಿಯಲ್ಲಿ ಹೊರತಂದ ವರದಿ ಇನ್ನೂ ವಿಚಿತ್ರವಾದ ಸಂಗತಿಯನ್ನು ತೋರಿಸಿತು. 2022ರಲ್ಲಿ ಓದುಬರಹವಿಲ್ಲದ ತರುಣರಲ್ಲಿ ನಿರುದ್ಯೋಗಿಗಳು ಶೇಕಡಾ 3.4, ಪದವೀಧರ ತರುಣರಲ್ಲಿ ಶೇಕಡಾ 29.1. ಓದಿದಷ್ಟೂ ಕೆಲಸವಿಲ್ಲ!

ಈ ಅಂಕಿಗಳನ್ನು ಓದಿ, ವಿದ್ಯೆಯೇ ವ್ಯರ್ಥವೆಂದು ತೀರ್ಮಾನಿಸುವುದು ಅವಸರವಾದೀತು. ಬಡವನಿಗೆ ನಿರುದ್ಯೋಗಿಯಾಗಿರಲು ಶಕ್ತಿಯೇ ಇಲ್ಲ. ಯಾದಗಿರಿ, ರಾಯಚೂರುಗಳಿಂದ ಬಂದು ಕಟ್ಟಡದ ಕೆಲಸದಲ್ಲಿ ತೊಡಗುವ ತರುಣ ಒಂದು ಕಡೆ ಕೆಲಸ ನಿಂತರೆ ಮರುದಿನವೇ ಇನ್ನೊಂದು ಕಡೆ, ಕಡಿಮೆ ಕೂಲಿಗಾದರೂ, ಗಾರೆ ಹೊರಬೇಕು. ಇಲ್ಲದಿದ್ದರೆ ಒಲೆ ಹೊತ್ತುವುದಿಲ್ಲ. ಸಮೀಕ್ಷೆಯವರು ಬಂದಾಗ ಅವನು ಉದ್ಯೋಗಿ. ಮಧ್ಯಮವರ್ಗದ ಮನೆ ತನ್ನ ಮಗನನ್ನು ಒಂದೆರಡು ವರ್ಷ ಸಾಕಬಲ್ಲದು. ಓದಿಗೆ ತಕ್ಕ ಕೆಲಸ ಸಿಗಲೆಂದು ಅವನೂ ಕಾಯುತ್ತಾನೆ. ಆ ಕಾಯುವಿಕೆಯ ಖರ್ಚು ತಂದೆಯ ಪಿಂಚಣಿಯಿಂದಲೂ ತಾಯಿಯ ಒಡವೆಯಿಂದಲೂ ಹೋಗುತ್ತದೆ. ಸಮೀಕ್ಷೆಯ ಅಂಕಿಗಳಲ್ಲಿ ಅದು ಕಾಣಿಸುವುದಿಲ್ಲ.

ಕಾಯದೆ ಸಿಕ್ಕಿದ ಕೆಲಸಕ್ಕೆ ಸೇರಿದರೇನು? ಇಲ್ಲಿ ವಿದೇಶಗಳ ಎರಡು ಅಧ್ಯಯನಗಳು ಗಮನಾರ್ಹ. ಕೆನಡಾದ ಕಾಲೇಜು ಪದವೀಧರರನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ ಸಂಶೋಧಕರು, ಇಳಿಗಾಲದಲ್ಲಿ ಹೊರಬಂದವರ ಮೊದಲ ಸಂಪಾದನೆ ಸುಮಾರು ಶೇಕಡಾ 9ರಷ್ಟು ಕಡಿಮೆಯಿರುವುದೆಂದೂ, ಆ ಅಂತರ ಪೂರ್ತಿಯಾಗಿ ಮುಚ್ಚಲು ಹತ್ತು ವರ್ಷ ಬೇಕೆಂದೂ ಕಂಡುಕೊಂಡರು. ಅಮೆರಿಕಾದಲ್ಲಿ 1979ರಿಂದ 1989ರ ನಡುವೆ ಪದವಿ ಪಡೆದವರನ್ನು ಪರಿಶೀಲಿಸಿದ ಲಿಸಾ ಕಾನ್ ಎಂಬಾಕೆ, ಹದಿನೈದು ವರ್ಷಗಳ ಮೇಲೂ ಆ ಪೆಟ್ಟಿನ ಗುರುತು ಉಳಿದಿರುವುದನ್ನು 2010ರಲ್ಲಿ ತೋರಿಸಿದರು. ಚಕ್ರ ಮೇಲೆ ಬಂದಾಗ ಕಂಪನಿಗಳು ಹುಡುಕುವುದು ಆ ವರ್ಷದ ಹೊಸಬರನ್ನು. ಎರಡು ವರ್ಷ ಕಾದು ನಿಂತವನನ್ನಲ್ಲ. ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಎಂಬುದು ಸಂದರ್ಶನದ ಮೊದಲ ಪ್ರಶ್ನೆಯಾಗುತ್ತದೆ.

ಟೊಮ್ಯಾಟೊ ಮತ್ತು ಇಂಜಿನಿಯರು

ಕೋಲಾರದ ರೈತರಿಗೆ ಚೆನ್ನಾಗಿ ತಿಳಿದ ಒಂದು ಪಾಠವಿದೆ. ಟೊಮ್ಯಾಟೊಗೆ ಬೆಲೆ ಬಂತೆಂದರೆ ಎಲ್ಲರೂ ಅದನ್ನೇ ನಾಟಿ ಮಾಡುತ್ತಾರೆ. ಮೂರು ತಿಂಗಳ ಮೇಲೆ ಎಲ್ಲರ ಬೆಳೆಯೂ ಒಟ್ಟಿಗೆ ಮಂಡಿಗೆ ಬರುತ್ತದೆ. ಬುಟ್ಟಿಯ ಬಾಡಿಗೆಯೂ ಗಿಟ್ಟದೆ ರಸ್ತೆಯ ಬದಿಗೆ ಸುರಿಯುತ್ತಾರೆ. ಇಂಜಿನಿಯರಿಂಗ್ ಶಿಕ್ಷಣದಲ್ಲಿಯೂ ಇದೇ ನಡೆಯುತ್ತದೆ, ಬೆಳೆ ಬರಲು ನಾಲ್ಕು ವರ್ಷ ಬೇಕೆಂಬುದಷ್ಟೇ ವ್ಯತ್ಯಾಸ. ಅಮೆರಿಕಾದ ರಿಚರ್ಡ್ ಫ್ರೀಮನ್ ಎಂಬ ಅರ್ಥಶಾಸ್ತ್ರಜ್ಞ 1970ರ ದಶಕದಲ್ಲೇ ಇದನ್ನು ಅಂಕಿಗಳಿಂದ ವಿವರಿಸಿದ್ದಾರೆ. 2021ರ ಭರಾಟೆಯನ್ನು ಕಂಡು ಗಣಕವಿಜ್ಞಾನಕ್ಕೆ ಮುಗಿಬಿದ್ದ ವಿದ್ಯಾರ್ಥಿಗಳು ಹೊರಬಂದದ್ದು 2025ರಲ್ಲಿ. ಆ ಜುಲೈಯಲ್ಲೇ ಟಿ.ಸಿ.ಎಸ್. ತನ್ನ ಸಿಬ್ಬಂದಿಯಲ್ಲಿ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಸಾರಿತು. ಕಾಲೇಜುಗಳು ಸಿವಿಲ್, ಮೆಕ್ಯಾನಿಕಲ್ ಶಾಖೆಗಳನ್ನು ಕುಗ್ಗಿಸಿ ಗಣಕದ ಸೀಟುಗಳನ್ನು ಹಿಗ್ಗಿಸುತ್ತಲೇ ಇವೆ. ಹೊಸಬರ ಆರಂಭದ ಸಂಬಳ ದೊಡ್ಡ ಸೇವಾ ಸಂಸ್ಥೆಗಳಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಸುತ್ತಲೇ ನಿಂತಿದ್ದುದು ಈ ಕಾರಣದಿಂದಲೇ. ಪೇಟೆಯಲ್ಲಿ ಸರಕು ಹೆಚ್ಚಾದರೆ ಬೆಲೆ ಏರುವುದೆಂತು? ಇದನ್ನು ಹದಿನೇಳು ವರ್ಷದ ಹುಡುಗನೂ ಅವನ ತಂದೆಯೂ ಲೆಕ್ಕ ಹಾಕಿ ತಿಳಿಯಬೇಕೆಂದು ಬಯಸುವುದು ಅನ್ಯಾಯ. ಸೀಟು ಕೊಡುವವರು ಲೆಕ್ಕ ಹಾಕಬೇಕಿತ್ತು.

ಇನ್ನೊಂದು ಸಂಶಯವೂ ಇದೆ. ಇದು ಬರಿಯ ಇಳಿಗಾಲವೇ, ಅಥವಾ ನದಿಯೇ ಪಾತ್ರ ಬದಲಿಸಿತೇ? ಜಾಲಹಳ್ಳಿಯ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಬೆಂಗಳೂರಿನವರಿಗೆ ಮರೆಯಲಾಗದ ಉದಾಹರಣೆ. 1960ರ ದಶಕದ ಆರಂಭದಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಪ್ರಾರಂಭವಾಗಿ, ಮದುವೆಯ ಉಡುಗೊರೆಯೆಂದರೆ ಎಚ್.ಎಂ.ಟಿ. ಎನ್ನುವಷ್ಟು ಮನೆಮಾತಾದ ಸಂಸ್ಥೆ. 1984ರಲ್ಲಿ ಟೈಟನ್ ಬಂತು, ಕ್ವಾರ್ಟ್ಸ್ ಗಡಿಯಾರಗಳು ಬಂದವು. ಒಳ್ಳೆಯ ಕಾಲ ಮರಳುವುದೆಂದು ಅಲ್ಲಿಯವರು ಕಾದರು. ಮರಳಲಿಲ್ಲ, ಗಡಿಯಾರ ವಿಭಾಗವನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲ ಒಪ್ಪಿತು. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಹೊಸಬರು ಕಲಿಯುತ್ತಾ ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನೇ ಮೊದಲು ಕಲಿತಿವೆ. ಬಡ್ಡಿ ಇಳಿದಾಗ ಹಳೆಯ ಸಂಖ್ಯೆಯಲ್ಲಿ ಕೆಲಸಗಳು ಮರಳುವುವೇ ಎಂಬ ಪ್ರಶ್ನೆಗೆ ಪಂಡಿತರಲ್ಲಿ ಒಮ್ಮತವಿಲ್ಲ. ಫೆಡರಲ್ ರಿಸರ್ವ್ 2024ರ ಸೆಪ್ಟೆಂಬರಿನಿಂದ ಬಡ್ಡಿ ಇಳಿಸತೊಡಗಿತಾದರೂ, 2021ರ ಭರಾಟೆ 2025ರಲ್ಲಿ ಮರುಕಳಿಸಲಿಲ್ಲವೆಂಬುದಂತೂ ಕಂಡ ಸಂಗತಿ.

ಮೂರು ಸಾವಿರ ರೂಪಾಯಿ

ಕೇನ್ಸ್ ಮಹಾಶಯ 1936ರ ತನ್ನ ಗ್ರಂಥದಲ್ಲಿ, ಎಲ್ಲರೂ ಕೈ ಬಿಗಿಹಿಡಿದಾಗ ಸರ್ಕಾರವೇ ಕೈ ಬಿಚ್ಚಬೇಕೆಂದು ವಾದಿಸಿದ. ಕರ್ನಾಟಕ ಸರ್ಕಾರ ಯುವನಿಧಿ ಯೋಜನೆಯನ್ನು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಪ್ರಾರಂಭಿಸಿತು. 2022-23ರಲ್ಲಿ ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ, ಅಷ್ಟರಲ್ಲಿ ಕೆಲಸ ಸಿಕ್ಕಿದರೆ ಅಲ್ಲಿಗೆ ನಿಲುಗಡೆ. ಆ 180 ದಿನಗಳ ನಿಯಮದಲ್ಲಿ ಒಂದು ಒಪ್ಪಿಗೆ ಅಡಗಿದೆ: ಓದು ಮುಗಿಸಿದ ಹುಡುಗ ಆರು ತಿಂಗಳು ಖಾಲಿ ಕೂರುವುದು ಸರ್ಕಾರದ ಲೆಕ್ಕದಲ್ಲಿಯೂ ಸಾಮಾನ್ಯ ಸಂಗತಿ. ಹಣ ಸಣ್ಣದು, ತಣಿಸಂದ್ರದಲ್ಲಿ ಅದಕ್ಕೆ ಒಂದು ಕೋಣೆಯೂ ಬಾಡಿಗೆಗೆ ಸಿಗದು. ಸಂದರ್ಶನಕ್ಕೆ ಹೋಗಿಬರುವ ಬಸ್ಸಿನ ಖರ್ಚು, ಒಂದು ಹೊಸ ಅಂಗಿ, ಯಾವುದಾದರೊಂದು ತರಬೇತಿಯ ಶುಲ್ಕದ ಒಂದಂಶ ನಡೆದೀತು. ತಂದೆಯ ಮುಂದೆ ಕೈಯೊಡ್ಡುವುದು ತಪ್ಪಿದರೆ ಅದೇ ದೊಡ್ಡದು. ಹಣಕ್ಕಿಂತ ಬೇಕಾದದ್ದು ಕೆಲಸದ ಅನುಭವ. ಶಿಶಿಕ್ಷು ಕಾಯಿದೆ 1961ರಿಂದಲೂ ಇದೆ. ಇಳಿಗಾಲದಲ್ಲಿ ಸಂಸ್ಥೆಗಳು ಹೊಸಬರನ್ನು ಅದರಡಿಯಲ್ಲಾದರೂ ಒಳಕ್ಕೆ ಬಿಟ್ಟುಕೊಂಡರೆ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ?’ ಎಂಬ ಪ್ರಶ್ನೆಗೆ ಹುಡುಗರಲ್ಲಿ ಉತ್ತರವಿರುತ್ತದೆ.

ಕಲ್ಪನೆಯ ಆ ಮನೆಯಲ್ಲಿ ಯುವನಿಧಿಯ ಅರ್ಜಿಯನ್ನು ತುಂಬಿಸಿದವನು ಅಣ್ಣನೇ ಎಂದಿಟ್ಟುಕೊಳ್ಳಬಹುದು. ತಮ್ಮನಿಗೆ ಮನಸ್ಸಿಲ್ಲ, ನಿರುದ್ಯೋಗಿಯೆಂದು ಸರ್ಕಾರದ ದಫ್ತರದಲ್ಲಿ ಹೆಸರು ಬರೆಸಿಕೊಳ್ಳುವುದು ಅವನಿಗೆ ಅವಮಾನ.

“ತಗೋ, ನಾಚಿಕೆ ಏತಕ್ಕೆ?” ಎನ್ನುತ್ತಾನೆ ಅಣ್ಣ. “ನಾನು ಎರಡು ವರ್ಷ ತಡವಾಗಿ ಓದು ಮುಗಿಸಿದ್ದರೆ ಇದನ್ನು ನೀನು ನನಗೆ ತುಂಬಿಸಿಕೊಡುತ್ತಿದ್ದೆ.”

ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದ ತಂದೆ ಕನ್ನಡಕವನ್ನು ತೆಗೆದು ಇತ್ತ ನೋಡುತ್ತಾರೆ. ಆ ಸಂಜೆ ಅವರು ಎಂದಿನ ಪ್ರಶ್ನೆಯನ್ನು ಕೇಳುವುದಿಲ್ಲ.